ಅರ್ಥ ಕೆಡದ ಲೋಪ

ಮಂಗಲ್ಪಾಡಿಯ ಹೆಂಚಿನ ಮಾಡುಗಳ ಮೇಲೆ, ತಾರಸಿಗಳ ಅಂಚಿನಲ್ಲಿ, ಕೆಲವೆಡೆ ಅಂಗಳದ ಮೂಲೆಯ ಕಬ್ಬಿಣದ ಕಂಬದ ಮೇಲೆ ನಿಂತಿರುವ ಡಿಶ್‌ಗಳು ಕಡಲಿಗೆ ಬೆನ್ನು ಹಾಕಿರುತ್ತವೆ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ. ಅವು ನೋಡುವುದು ಪೂರ್ವ-ಆಗ್ನೇಯದ ಆಕಾಶವನ್ನು. ದೂರದರ್ಶನದ ಡಿಡಿ ಫ್ರೀ ಡಿಶ್ ಸೇವೆಯನ್ನು ಹೊತ್ತಿರುವ ಜಿಸ್ಯಾಟ್-15 ಉಪಗ್ರಹವು ಭೂಮಧ್ಯರೇಖೆಯ ನೇರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, 35,786 ಕಿಲೋಮೀಟರ್ ಎತ್ತರದಲ್ಲಿ ನಿಂತಿದೆ. ನಿಂತಿದೆ ಎಂಬುದು ನೋಟದ ಮಾತು. ಭೂಮಿ ತಿರುಗುವ ವೇಗದಲ್ಲಿಯೇ ಅದೂ ಸುತ್ತುತ್ತಿರುವುದರಿಂದ ಮಂಗಲ್ಪಾಡಿಯ ಡಿಶ್ಶಿಗೆ ಅದು ಸದಾ ತೆಂಗಿನ ಮರದ ನೆತ್ತಿಯ ಮೇಲೆ, ನೆಲದಿಂದ ಸುಮಾರು 64 ಡಿಗ್ರಿ ಎತ್ತರದಲ್ಲಿ, ಒಂದೇ ಕಡೆ ಕಾಣುತ್ತದೆ. ಅದು ತನ್ನ ಜಾಗ ಬಿಟ್ಟು ಕದಲದಂತೆ ನೋಡಿಕೊಳ್ಳುವುದು ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರದ ಕೆಲಸ. ಆ ಕೇಂದ್ರವಿರುವುದು ಘಟ್ಟದ ಮೇಲಿನ ಹಾಸನದಲ್ಲಿ, 1982ರಿಂದ.

ಬೆಂಗಳೂರಿನ ಸ್ಟುಡಿಯೋದಲ್ಲಿ ಆಡಿದ ಕನ್ನಡದ ಮಾತು ಫ್ರೀ ಡಿಶ್ ಮೂಲಕ ಮಂಗಲ್ಪಾಡಿಗೆ ಬರಬೇಕಾದರೆ ದೆಹಲಿಯ ತೊಡಾಪುರದ ಭೂಕೇಂದ್ರದಿಂದ ಮೇಲೇರಿ, ಉಪಗ್ರಹವನ್ನು ಮುಟ್ಟಿ, ಮತ್ತೆ ಕೆಳಗಿಳಿಯಬೇಕು. ಹೋಗಿಬರುವ ದಾರಿ 71,000 ಕಿಲೋಮೀಟರಿಗೂ ಹೆಚ್ಚು. ಅದಕ್ಕೆ ಹಿಡಿಯುವ ಕಾಲ ಮಾತ್ರ ಸೆಕೆಂಡಿನ ಕಾಲುಭಾಗದಷ್ಟು. ದೂರ ಇಲ್ಲಿ ದೊಡ್ಡ ಸಮಸ್ಯೆಯಲ್ಲ, ಇಕ್ಕಟ್ಟು ದೊಡ್ಡ ಸಮಸ್ಯೆ.

ಇಕ್ಕಟ್ಟು ಎಷ್ಟೆಂಬುದನ್ನು ಲೆಕ್ಕ ಹಾಕಬಹುದು. ಸಾಮಾನ್ಯ ದರ್ಜೆಯ ಒಂದು ದೂರದರ್ಶನ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576, ಒಟ್ಟು 4,14,720 ಚಿತ್ರಬಿಂದುಗಳಿರುತ್ತವೆ. ಸೆಕೆಂಡಿಗೆ ಅಂಥ 25 ಚಿತ್ರಗಳು. ಮನುಷ್ಯನ ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ಏರಿಳಿತವನ್ನು ಗುರುತಿಸಲಾರದು ಎಂಬ ಕಾರಣಕ್ಕೆ ಬಣ್ಣದ ವಿವರವನ್ನು ಮೊದಲೇ ಕಾಲುಭಾಗಕ್ಕೆ ಇಳಿಸಿಕೊಂಡಿರುತ್ತಾರೆ. ಹಾಗೆ ಇಳಿಸಿದ ಮೇಲೂ ಒಂದು ವಾಹಿನಿಯ ಚಿತ್ರಕ್ಕೆ ಸೆಕೆಂಡಿಗೆ 12.4 ಕೋಟಿ ಬಿಟ್‌ಗಳು ಬೇಕು. ಬಿಟ್ ಎಂದರೆ 0 ಅಥವಾ 1, ಛಂದಸ್ಸಿನ ವಿದ್ಯಾರ್ಥಿ ಪ್ರಸ್ತಾರ ಹಾಕುವಾಗ ಬಳಸುವ ಲಘು-ಗುರುಗಳ ಹಾಗೆ ಎರಡೇ ಗುರುತುಗಳು. ಉಪಗ್ರಹದಲ್ಲಿ ಸಂಕೇತವನ್ನು ಹಿಡಿದು ಮರಳಿ ಕಳಿಸುವ ಟ್ರಾನ್ಸ್‌ಪಾಂಡರ್ ಎಂಬ ಒಂದು ಘಟಕ, ಡಿವಿಬಿ-ಎಸ್ ಎಂಬ ಮೊದಲ ಪೀಳಿಗೆಯ ಪ್ರಸಾರಪದ್ಧತಿಯಲ್ಲಿ, ಸೆಕೆಂಡಿಗೆ ಸಾಗಿಸಬಲ್ಲದ್ದು ಸುಮಾರು 3.8 ಕೋಟಿ ಬಿಟ್. ಪಾತ್ರೆ ಒಂದು ಸೇರಿನದು, ಅಕ್ಕಿ ಮೂರು ಸೇರಿಗೂ ಮಿಕ್ಕಿದ್ದು. ಆದರೂ ಅದೇ ಪಾತ್ರೆಯಲ್ಲಿ ಇಂದು ಹತ್ತು ಮನೆಯ ಅಕ್ಕಿ ಹೋಗಿಬರುತ್ತಿದೆ. ಒಂದೊಂದು ವಾಹಿನಿಗೆ ಸೆಕೆಂಡಿಗೆ ಮೂವತ್ತು-ನಲವತ್ತು ಲಕ್ಷ ಬಿಟ್ ಸಾಕಾಗುತ್ತದೆ. ಉಳಿದದ್ದು ಎಲ್ಲಿಗೆ ಹೋಯಿತು?

ಈ ಕ್ರಿಯೆಗೆ ಕನ್ನಡದಲ್ಲಿ ಸಂಕೋಚನ, ಸಂಪೀಡನ ಎಂಬ ಪದಗಳಿವೆ. ಎರಡೂ ಅಷ್ಟು ಸಮರ್ಪಕವಲ್ಲ. ಸಂಕೋಚನವೆಂದರೆ ಚಳಿಗೆ ಮುದುಡಿದಂತೆ; ಸಂಪೀಡನದಲ್ಲಿ ಹಿಂಡಿದ ಧ್ವನಿಯಿದೆ. ಇಲ್ಲಿ ನಡೆಯುವುದು ಹಿಂಡುವ ಕೆಲಸವಲ್ಲ, ಯಾವುದನ್ನು ಹೇಳಬೇಕು ಯಾವುದನ್ನು ಹೇಳದೆ ಬಿಟ್ಟರೂ ನಡೆದೀತು ಎಂಬ ತೀರ್ಮಾನದ ಕೆಲಸ. ಅದಕ್ಕೆ ಹತ್ತಿರವಾದ ಮಾತು ಕನ್ನಡ ವ್ಯಾಕರಣದಲ್ಲಿಯೇ ಇದೆ. ಸ್ವರದ ಮುಂದೆ ಸ್ವರ ಬಂದಾಗ ಹಿಂದಿನ ಸ್ವರವನ್ನು ಬಿಡಬಹುದು, ಆದರೆ ಬಿಟ್ಟರೂ ಅರ್ಥ ಕೆಡಬಾರದು ಎಂಬುದು ಲೋಪಸಂಧಿಯ ಷರತ್ತು. ಊರು ಎಂಬುದಕ್ಕೆ ಅನ್ನು ಸೇರಿದರೆ ಊರನ್ನು. ಉಕಾರ ಹೋದರೂ ಊರು ಊರಾಗಿಯೇ ಉಳಿಯಿತು. ಮನೆ ಎಂಬುದರಲ್ಲಿ ಎಕಾರವನ್ನು ಹಾಗೆಯೇ ಬಿಟ್ಟರೆ ಮನೆ ಕುಸಿಯುತ್ತದೆ; ಆದ್ದರಿಂದ ಅಲ್ಲಿ ಲೋಪವಿಲ್ಲ, ಯಕಾರದ ಆಗಮ. ದೂರದರ್ಶನದ ಎಂಜಿನಿಯರುಗಳು ಕೇಶಿರಾಜನನ್ನು ಓದಿದವರಲ್ಲ. ಆದರೆ ಅವರು ಪ್ರತಿ ಸೆಕೆಂಡಿಗೂ ಕೋಟಿಗಟ್ಟಲೆ ಸಲ ಎದುರಿಸುವ ಪ್ರಶ್ನೆ ಇದೇ.

ಅಡಕದಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಏನೂ ನಷ್ಟವಾಗುವುದಿಲ್ಲ. ಅದರ ಅತ್ಯಂತ ಸುಂದರವಾದ ಉದಾಹರಣೆ ಐಚ್ಛಿಕ ಕನ್ನಡದ ತರಗತಿಯಲ್ಲಿ ಪ್ರತಿ ವರ್ಷವೂ ಕೇಳಿಬರುತ್ತದೆ: ಯಮಾತಾರಾಜಭಾನಸಲಗಂ. ಮೂರಕ್ಷರದ ಗಣಗಳು ಎಂಟು. ಒಂದೊಂದನ್ನೂ ಬಿಡಿಬಿಡಿಯಾಗಿ ಬರೆದರೆ ಇಪ್ಪತ್ತನಾಲ್ಕು ಅಕ್ಷರ ಬೇಕು. ಈ ಸೂತ್ರದಲ್ಲಿರುವುದು ಹತ್ತೇ ಅಕ್ಷರ. ಯಾವ ಗಣ ಬೇಕೋ ಆ ಅಕ್ಷರದಿಂದ ಆರಂಭಿಸಿ ಮೂರಕ್ಷರ ಎಣಿಸಿದರೆ ಯಗಣದಿಂದ ಸಗಣದವರೆಗೆ ಎಂಟೂ ಸಿಗುತ್ತವೆ. ಒಂದರ ಬಾಲವನ್ನು ಇನ್ನೊಂದರ ತಲೆಯಾಗಿಸಿರುವ ಈ ಜಾಣ್ಮೆಯನ್ನು ಮಕ್ಕಳು ಬಾಯಿಪಾಠದ ಭರದಲ್ಲಿ ಗಮನಿಸುವುದೇ ಇಲ್ಲ. ಹಾಡಿನ ಪುಸ್ತಕಗಳಲ್ಲಿ ಪ್ರತಿ ಚರಣದ ಕೊನೆಗೆ ಪಲ್ಲವಿಯನ್ನು ಪೂರ್ತಿ ಅಚ್ಚು ಮಾಡದೆ ಅದರ ಮೊದಲ ಪದವನ್ನು ಮಾತ್ರ ಕೊಟ್ಟು ಎರಡು ಗೆರೆ ಎಳೆಯುವುದೂ ಇದೇ ಜಾತಿಯದು. ಹಾಡುವವನಿಗೆ ಉಳಿದದ್ದು ಗೊತ್ತು.

ಗಣಕದಲ್ಲಿ ಈ ಬಗೆಯ ಅಡಕಕ್ಕೆ ಹೆಸರಾದವನು ಡೇವಿಡ್ ಹಫ್‌ಮನ್. ಅಮೆರಿಕದ ಎಂಐಟಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಅಂತಿಮ ಪರೀಕ್ಷೆಯ ಬದಲಿಗೆ ಒಂದು ಪ್ರಬಂಧ ಬರೆದುಕೊಡುವ ಅವಕಾಶವನ್ನು ಅಧ್ಯಾಪಕರು ಕೊಟ್ಟಿದ್ದರು. ಆ ಪ್ರಬಂಧವೇ 1952ರಲ್ಲಿ ಪ್ರಕಟವಾದ ಹಫ್‌ಮನ್ ಸಂಕೇತ. ಹೆಚ್ಚು ಸಲ ಬರುವುದಕ್ಕೆ ಗಿಡ್ಡ ಗುರುತು, ಅಪರೂಪಕ್ಕೆ ಬರುವುದಕ್ಕೆ ಉದ್ದ ಗುರುತು. ಬಾ, ಹೋಗು, ನಾ, ನೀ ಎಂಬ ನಿತ್ಯದ ಮಾತುಗಳು ಎಷ್ಟು ಗಿಡ್ಡವಾಗಿವೆ ಎಂಬುದನ್ನು ನೋಡಿದರೆ ಭಾಷೆಗೆ ಈ ಗುಟ್ಟು ಬಹಳ ಹಿಂದೆಯೇ ತಿಳಿದಿತ್ತೆನ್ನಬೇಕು.

ನಷ್ಟವಿಲ್ಲದ ಅಡಕದಿಂದ ಪಾತ್ರೆಯ ಸಮಸ್ಯೆ ಸ್ವಲ್ಪ ಬಗೆಹರಿಯುತ್ತದೆ, ಪೂರ್ತಿಯಲ್ಲ. 12.4 ಕೋಟಿಯನ್ನು ನಲವತ್ತು ಲಕ್ಷಕ್ಕೆ ತರಬೇಕಾದರೆ ಏನನ್ನಾದರೂ ನಿಜವಾಗಿಯೂ ಕಳೆದುಕೊಳ್ಳಲೇಬೇಕು. ಎರಡನೆಯ ಬಗೆಯ ಅಡಕ ಇದು. ಇದರ ನಡುವೆ ನಿಂತಿರುವ ಗಣಿತದ ಉಪಾಯ ಬೆಂಗಳೂರಿನಲ್ಲಿ ಹುಟ್ಟಿದವರೊಬ್ಬರದು ಎಂಬ ಸಂಗತಿ ಕನ್ನಡನಾಡಿನಲ್ಲಿ ಇರಬೇಕಾದಷ್ಟು ಪ್ರಚಾರದಲ್ಲಿಲ್ಲ.

ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಅಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ 1961ರಲ್ಲಿ ಪದವಿ ಪಡೆದರು. ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಪಿಎಚ್.ಡಿ. ಮುಗಿಸಿ, ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಚಿತ್ರಗಳನ್ನು ಅಡಕಗೊಳಿಸಲು ಕೊಸೈನ್ ಅಲೆಗಳನ್ನು ಬಳಸಬಹುದೇ ಎಂದು ಪರಿಶೀಲಿಸಲು 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಧನಸಹಾಯದ ಅರ್ಜಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು. ವಿಚಾರ ತೀರಾ ಸರಳವಾಗಿದೆ ಎಂಬ ಅಭಿಪ್ರಾಯವೂ ಬಂದಿತ್ತೆಂದು ಅವರೇ ಮುಂದೆ, 1991ರಲ್ಲಿ, ಬರೆದಿದ್ದಾರೆ. ಧನಸಹಾಯವಿಲ್ಲದೆಯೇ, ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಸ್ನೇಹಿತ ಕೆ. ಆರ್. ರಾವ್ ಅವರೊಡನೆ ಕೆಲಸ ಮುಂದುವರಿಸಿದರು. 1974ರ ಜನವರಿಯಲ್ಲಿ ಮೂವರ ಹೆಸರಿನಲ್ಲಿ ನಾಲ್ಕು ಪುಟದ ಒಂದು ಲೇಖನ ಪ್ರಕಟವಾಯಿತು. ಇಂದು ಮೊಬೈಲಿನಲ್ಲಿ ತೆಗೆಯುವ ಸಾಮಾನ್ಯ ಜೆಪೆಗ್ ಚಿತ್ರವೂ ಫ್ರೀ ಡಿಶ್ಶಿನ ಎಂಪೆಗ್-2 ಚಿತ್ರವೂ ಆ ನಾಲ್ಕು ಪುಟಗಳ ಸಂತತಿ. ಪಠ್ಯಪುಸ್ತಕದ ವಿಜ್ಞಾನಿಗಳ ಸಾಲಿನಲ್ಲಿ ಈ ಹೆಸರು ಯಾಕಿಲ್ಲ ಎಂದು ಕೇಳುವ ಹಕ್ಕು ಬೆಂಗಳೂರಿನ ಮಕ್ಕಳಿಗಿದೆ.

ಉಪಾಯ ಹೀಗಿದೆ. ಚಿತ್ರವನ್ನು ಎಂಟು ಸಾಲು, ಎಂಟು ಕಂಬಗಳ ಸಣ್ಣ ಚೌಕಗಳಾಗಿ ಒಡೆಯುತ್ತಾರೆ. ಒಂದು ಚೌಕದಲ್ಲಿ 64 ಬಿಂದು. ಈ 64 ಬಿಂದುಗಳ ಬೆಳಕನ್ನು ಒಂದೊಂದಾಗಿ ಹೇಳುವ ಬದಲು, ಮೊದಲೇ ಗೊತ್ತುಮಾಡಿಟ್ಟ 64 ವಿನ್ಯಾಸಗಳಲ್ಲಿ ಯಾವುದು ಎಷ್ಟೆಷ್ಟು ಬೆರೆತಿದೆ ಎಂದು ಹೇಳುತ್ತಾರೆ. ಮೊದಲ ವಿನ್ಯಾಸ ಸಪಾಟು, ಏರಿಳಿತವೇ ಇಲ್ಲದ್ದು. ಆಮೇಲಿನವುಗಳಲ್ಲಿ ಬೆಳಕು ನಿಧಾನವಾಗಿ ಏರಿ ಇಳಿಯುತ್ತದೆ. ಕೊನೆಕೊನೆಯವು ಚದುರಂಗದ ಮಣೆಯಂತೆ ಕಪ್ಪು-ಬಿಳುಪಿನ ಕಿರಿದಾದ ಮನೆಗಳು. ಬೇಸಗೆಯ ಆಕಾಶದ ಚೌಕಕ್ಕೆ ಮೊದಲನೆಯ ವಿನ್ಯಾಸವೊಂದೇ ಸಾಕು, ಉಳಿದ 63 ಸಂಖ್ಯೆಗಳು ಸೊನ್ನೆ. ತೆಂಗಿನ ಗರಿಗಳ ನಡುವಿನ ಚೌಕಕ್ಕೆ ಅನೇಕ ಸಂಖ್ಯೆಗಳು ಬೇಕು. ಇಲ್ಲಿಯವರೆಗೆ ನಷ್ಟವೆಂಬುದಿಲ್ಲ, ಹೇಳುವ ಕ್ರಮ ಬದಲಾಯಿತು ಅಷ್ಟೆ. ಕಳೆಯುವುದು ಮುಂದಿನ ಹೆಜ್ಜೆಯಲ್ಲಿ. ಒಂದೊಂದು ಸಂಖ್ಯೆಯನ್ನೂ ಒಂದು ಕೋಷ್ಟಕದಲ್ಲಿರುವ ಸಂಖ್ಯೆಯಿಂದ ಭಾಗಿಸಿ, ಬಂದ ಉತ್ತರವನ್ನು ಪೂರ್ಣಾಂಕಕ್ಕೆ ತರುತ್ತಾರೆ. ಸೂಕ್ಷ್ಮ ವಿನ್ಯಾಸಗಳಿಗೆ ಭಾಜಕ ದೊಡ್ಡದು. ಆದ್ದರಿಂದ ಅವುಗಳ ಪಾಲು ಬಹುಮಟ್ಟಿಗೆ ಸೊನ್ನೆಯಾಗಿ ಹೋಗುತ್ತದೆ. ಚೌಕದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓರೆಯಾಗಿ ಹಾವಿನಂತೆ ಓದುತ್ತ ಬಂದರೆ ಕೊನೆಗೆ ಸಾಲುಸಾಲು ಸೊನ್ನೆ. ‘ಇಲ್ಲಿಂದ ಮುಂದೆ ಏನಿಲ್ಲ’ ಎಂಬ ಒಂದು ಗುರುತು ಹಾಕಿ ಮುಗಿಸಬಹುದು.

ಆ ಭಾಜಕಗಳ ಕೋಷ್ಟಕದಲ್ಲಿಯೇ ಎಲ್ಲ ತೀರ್ಮಾನ ಅಡಗಿದೆ. ಕಣ್ಣು ಏನನ್ನು ಗಮನಿಸುವುದಿಲ್ಲವೋ ಅದನ್ನು ಬಿಡಬಹುದು ಎಂಬುದು ಅದರ ಆಧಾರ. ಯಾರ ಕಣ್ಣು, ಏನನ್ನು ನೋಡುತ್ತಿರುವ ಕಣ್ಣು ಎಂಬುದನ್ನು ಕೋಷ್ಟಕ ಕೇಳುವುದಿಲ್ಲ.

ಬರವಣಿಗೆಯ ಚರಿತ್ರೆಯಲ್ಲಿಯೂ ಇಂಥ ಕೋಷ್ಟಕಗಳಿದ್ದವು. ಹಳೆಯ ಓಲೆಗರಿಗಳ ಕನ್ನಡದಲ್ಲಿ ಎ-ಏ, ಒ-ಓ ಎಂಬ ಹ್ರಸ್ವ-ದೀರ್ಘಗಳಿಗೆ ಬೇರೆಬೇರೆ ಗುರುತಿರಲಿಲ್ಲ. ಓದುವವನು ಛಂದಸ್ಸಿನಿಂದಲೋ ಸಂದರ್ಭದಿಂದಲೋ ತಿಳಿದುಕೊಳ್ಳುತ್ತಿದ್ದ. ಬೆಳಗಾವಿ, ಧಾರವಾಡಗಳ ಹಳೆಯ ದಫ್ತರಗಳಲ್ಲಿ ಸಿಗುವ ಮೋಡಿ ಲಿಪಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಇ-ಈ, ಉ-ಊ ಭೇದವನ್ನೇ ಬಿಟ್ಟಿತು. ಲೇಖಣಿ ಎತ್ತದೆ ಬರೆಯಬೇಕಾದ ಕಾರಕೂನನಿಗೆ ಅದು ಅನುಕೂಲ. ಅವನ ಕಾಗದವನ್ನು ಓದುತ್ತಿದ್ದವನು ಇನ್ನೊಬ್ಬ ಕಾರಕೂನ, ಆದ್ದರಿಂದ ಅರ್ಥ ಕೆಡುತ್ತಿರಲಿಲ್ಲ. ಇನ್ನೂರು ವರ್ಷ ಕಳೆದು ಅದೇ ಕಾಗದವನ್ನು ಬಿಡಿಸಹೊರಟ ಸಂಶೋಧಕನಿಗೆ ಊರಿನ ಹೆಸರೊಂದು ಹ್ರಸ್ವವೋ ದೀರ್ಘವೋ ತಿಳಿಯದೆ ವಾರಗಟ್ಟಲೆ ತಲೆ ಕೆಡುತ್ತದೆ.

ಒಂದು ಚಿತ್ರದೊಳಗಿನ ಅಡಕ ಇದಾದರೆ ಚಿತ್ರದಿಂದ ಚಿತ್ರಕ್ಕೆ ನಡೆಯುವ ಅಡಕ ಬೇರೆ. ವಾರ್ತೆ ಓದುವವರ ಹಿಂದಿನ ಗೋಡೆ ಅರ್ಧ ಗಂಟೆ ಕಳೆದರೂ ಬದಲಾಗುವುದಿಲ್ಲ. ಅದನ್ನು ಸೆಕೆಂಡಿಗೆ 25 ಸಲ ಹೇಳುವುದು ವ್ಯರ್ಥ. ಆದ್ದರಿಂದ ಅರ್ಧ ಸೆಕೆಂಡಿಗೊಮ್ಮೆ ಎಂಬಂತೆ ಒಂದು ಪೂರ್ಣಚಿತ್ರವನ್ನು ಕಳಿಸಿ, ನಡುವೆ ‘ಹಿಂದಿನಂತೆಯೇ, ಈ ಚೌಕ ಮಾತ್ರ ಎರಡು ಬಿಂದು ಎಡಕ್ಕೆ ಸರಿದಿದೆ’ ಎಂಬ ಬಗೆಯ ವ್ಯತ್ಯಾಸಗಳನ್ನಷ್ಟೇ ಕಳಿಸುತ್ತಾರೆ. ವಾಹಿನಿ ಬದಲಾಯಿಸಿದಾಗ ಪರದೆ ಒಂದು ಕ್ಷಣ ಕಪ್ಪಾಗುವುದಕ್ಕೆ ಇದೂ ಒಂದು ಕಾರಣ. ಪೆಟ್ಟಿಗೆ ಮುಂದಿನ ಪೂರ್ಣಚಿತ್ರಕ್ಕಾಗಿ ಕಾಯುತ್ತಿರುತ್ತದೆ. ಇನ್ನು ಕೆಲವು ಚಿತ್ರಗಳನ್ನು ಹಿಂದಿನದರ ಜೊತೆಗೆ ಮುಂದೆ ಬರಲಿರುವುದರ ಆಧಾರದ ಮೇಲೂ ಕಟ್ಟುತ್ತಾರೆ. ಮುಂದಿನದು ಮೊದಲೇ ಕೈಯಲ್ಲಿರಬೇಕಾದ್ದರಿಂದ ಚಿತ್ರಗಳು ಪ್ರಸಾರವಾಗುವ ಕ್ರಮವೇ ಬೇರೆ, ಪರದೆಯ ಮೇಲೆ ಕಾಣುವ ಕ್ರಮವೇ ಬೇರೆ. ಮೊದಲನೆಯದು, ನಾಲ್ಕನೆಯದು, ಎರಡನೆಯದು, ಮೂರನೆಯದು ಎಂದು ಬಂದದ್ದನ್ನು ಪೆಟ್ಟಿಗೆ ಸರಿಪಡಿಸಿ ತೋರಿಸುತ್ತದೆ. ಚಂಪೂಕಾವ್ಯದ ವೃತ್ತವೊಂದನ್ನು ಎದುರಿಗಿಟ್ಟುಕೊಂಡು, ಕ್ರಿಯಾಪದವನ್ನು ಹುಡುಕಿ, ಕರ್ತೃವನ್ನು ಮೊದಲಿಗೆ ತಂದು ಅನ್ವಯ ಮಾಡಿದ ವಿದ್ಯಾರ್ಥಿಗೆ ಇದರಲ್ಲಿ ಹೊಸದೇನೂ ಕಾಣದು. ಪದ್ಯ ಮುಗಿಯುವ ತನಕ ಕಾಯದೆ ಅನ್ವಯ ಸಾಧ್ಯವಿಲ್ಲ. ಕ್ರಿಕೆಟ್ ಪಂದ್ಯದ ವಿಕೆಟ್ ಬಿದ್ದದ್ದನ್ನು ರೇಡಿಯೋ ಇಟ್ಟುಕೊಂಡ ಮನೆ ಮೊದಲು ಕೂಗಿ, ಡಿಶ್ ಇರುವ ಮನೆ ಎರಡು-ಮೂರು ಸೆಕೆಂಡು ಬಿಟ್ಟು ಕೂಗುವುದರಲ್ಲಿ ಉಪಗ್ರಹದ ದೂರಕ್ಕಿಂತ ಈ ಕಾಯುವಿಕೆಯ ಪಾಲೇ ದೊಡ್ಡದು.

ವಾರ್ತೆಯ ಗೋಡೆಗೆ ಹೊಂದುವ ಉಪಾಯ ಯಕ್ಷಗಾನಕ್ಕೆ ಹೊಂದುವುದಿಲ್ಲ. ಮಂಗಲ್ಪಾಡಿಯಿಂದ ಕುಂಬಳೆ ದೂರವಲ್ಲ. ಪಾರ್ತಿಸುಬ್ಬನ ಹೆಸರಿನೊಂದಿಗೆ ಬೆಸೆದುಕೊಂಡಿರುವ ತೆಂಕುತಿಟ್ಟಿನ ನೆಲ ಇದು. ಪುಂಡುವೇಷ ಧಿಗಿಣ ಹಾರಿದಾಗ ಏನೇನು ನಡೆಯುತ್ತದೆಂದು ಚೌಕಗಳ ಲೆಕ್ಕದಲ್ಲಿ ನೋಡಬೇಕು. ವೇಷದ ಮಿನುಗು ಪ್ರತಿ ಚಿತ್ರದಲ್ಲಿಯೂ ಬೇರೆ ಕಡೆ ಹೊಳೆಯುತ್ತದೆ, ‘ಹಿಂದಿನಂತೆಯೇ’ ಎನ್ನಲು ಹಿಂದಿನದರಲ್ಲಿ ಅದಕ್ಕೆ ಜೋಡಿಯಿಲ್ಲ. ತಿರುಗುವ ದೇಹದ ಚೌಕಗಳು ಸರಿಯುವುದಿಲ್ಲ, ತಿರುಚಿಕೊಳ್ಳುತ್ತವೆ. ಕಪ್ಪು ಹಿನ್ನೆಲೆಯೆದುರಿನ ಕೆಂಪು, ಮೊದಲೇ ಕಾಲುಭಾಗಕ್ಕಿಳಿದ ಬಣ್ಣದ ವಿವರದಿಂದಾಗಿ, ಅಂಚಿನಲ್ಲಿ ಕದಡುತ್ತದೆ. ರಾತ್ರಿಯ ಅರೆಬೆಳಕಿನಲ್ಲಿ ಕ್ಯಾಮರಾ ಹುಟ್ಟಿಸುವ ಕಾಳುಕಾಳಾದ ಗದ್ದಲವನ್ನೂ ಯಂತ್ರವು ಚಲನೆಯೆಂದೇ ತಿಳಿದು ಅದಕ್ಕೂ ಬಿಟ್ ಖರ್ಚು ಮಾಡುತ್ತದೆ. ಕಡಲಿನ ಅಲೆ, ಮಳೆ, ಧಿಗಿಣ ಈ ಮೂರೂ ಅಡಕದ ಯಂತ್ರಕ್ಕೆ ಅತ್ಯಂತ ಕಷ್ಟದವು. ತುಳುನಾಡಿನ ಕಣ್ಣಿಗೆ ಈ ಮೂರೂ ಅತ್ಯಂತ ಬೇಕಾದವು.

ಧ್ವನಿಯ ಕತೆಯೂ ಬೇರೆಯಲ್ಲ. ದೊಡ್ಡ ಸದ್ದು ಹತ್ತಿರದ ಸಣ್ಣ ಸದ್ದನ್ನು ಮುಚ್ಚಿಹಾಕುತ್ತದೆ, ಆದ್ದರಿಂದ ಮುಚ್ಚಿಹೋದದ್ದನ್ನು ಕಳಿಸಬೇಕಾಗಿಲ್ಲ ಎಂಬುದು ಧ್ವನಿಯ ಅಡಕದ ಮೂಲಸೂತ್ರ. ಚೆಂಡೆಯ ಹುಯ್ಲಿನ ಕೆಳಗೆ ಮದ್ದಳೆಯ ಯಾವ ಪೆಟ್ಟು ಕೇಳುತ್ತದೆ, ಯಾವುದು ಕೇಳುವುದಿಲ್ಲ ಎಂದು ಯಂತ್ರ ತೀರ್ಮಾನಿಸುತ್ತದೆ. ಚೌಕಿಯಲ್ಲಿ ಮೂವತ್ತು ವರ್ಷ ಕಳೆದ ಕಿವಿಗೂ ಆ ಯಂತ್ರಕ್ಕೂ ಈ ವಿಷಯದಲ್ಲಿ ಒಮ್ಮತವಿರಲಾರದು. ಬಿಟ್‌ಗಳು ಕಡಿಮೆಯಾದಾಗ ಚಕ್ರತಾಳದ ನಾದ ನೀರಿನೊಳಗಿಂದ ಬಂದಂತೆ ಕೇಳುವುದನ್ನು ಮಾತ್ರ ಯಾರು ಬೇಕಾದರೂ ಗುರುತಿಸಬಲ್ಲರು.

ಒಂದು ಟ್ರಾನ್ಸ್‌ಪಾಂಡರಿನ ಬಿಟ್‌ಗಳನ್ನು ಅದರಲ್ಲಿರುವ ವಾಹಿನಿಗಳಿಗೆ ಸಮನಾಗಿ ಹಂಚಬೇಕೆಂದಿಲ್ಲ. ಆ ಕ್ಷಣ ಯಾವುದರಲ್ಲಿ ಚಲನೆ ಹೆಚ್ಚೋ ಅದಕ್ಕೆ ಹೆಚ್ಚು ಕೊಟ್ಟು, ಸುಮ್ಮನಿರುವುದಕ್ಕೆ ಕಡಿಮೆ ಕೊಡುವ ವ್ಯವಸ್ಥೆಯಿದೆ. ಅವಿಭಕ್ತ ಕುಟುಂಬದ ಊಟದ ಪಂಕ್ತಿಯ ಹಾಗೆ, ಹಸಿದವನಿಗೆ ಇನ್ನೊಂದು ಹಿಡಿ. ಈ ನ್ಯಾಯ ಪಂಕ್ತಿಯಲ್ಲಿ ಕುಳಿತವರಿಗೆ ಮಾತ್ರ. ಯಾವ ವಾಹಿನಿಗೆ ಎಷ್ಟು ಜಾಗ ಎಂಬುದು ಕೊನೆಗೆ ಬಾಡಿಗೆಯ ಮಾತು. ಯಕ್ಷಗಾನವನ್ನು ರಾತ್ರಿಯಿಡೀ ತೋರಿಸುವ ಉತ್ಸಾಹ ಇರುವುದು ಸಣ್ಣ ವಾಹಿನಿಗಳಿಗೆ. ದೊಡ್ಡ ಬಾಡಿಗೆ ಕೊಡುವ ಶಕ್ತಿ ಅವುಗಳಿಗಿಲ್ಲ. ಅತಿ ಹೆಚ್ಚು ಬಿಟ್ ಬೇಡುವ ಕಲೆ ಅತಿ ಕಡಿಮೆ ಬಿಟ್ ಇರುವಲ್ಲಿ ಹೋಗಿ ಕೂತಿದೆ. ಧಿಗಿಣದ ಕ್ಷಣಕ್ಕೆ ಕಿರೀಟ ಚೌಕಚೌಕವಾಗಿ ಒಡೆಯುವುದಕ್ಕೆ ಕಲಾವಿದನೂ ಕ್ಯಾಮರಾದವನೂ ಕಾರಣರಲ್ಲ.

ಇಷ್ಟೆಲ್ಲ ಕಳೆದ ಮೇಲೆ ಪ್ರಸಾರಕರು ಒಂದು ವಿಚಿತ್ರವಾದ ಕೆಲಸ ಮಾಡುತ್ತಾರೆ: ಸ್ವಲ್ಪ ಪುನರುಕ್ತಿಯನ್ನು ಮತ್ತೆ ಸೇರಿಸುತ್ತಾರೆ. ಅಡಕವಾದ ಮಾಹಿತಿಯನ್ನು 188 ಬೈಟುಗಳ ಪೊಟ್ಟಣಗಳಾಗಿ ಕಟ್ಟಿ, ಪ್ರತಿ ಪೊಟ್ಟಣಕ್ಕೂ 16 ಬೈಟುಗಳ ಕಾವಲು ಸೇರಿಸಿ, 204 ಬೈಟು ಮಾಡುತ್ತಾರೆ. ಆ ಕಾವಲಿನ ಬಲದಿಂದ ಪೊಟ್ಟಣದೊಳಗೆ ಎಂಟು ಬೈಟುಗಳವರೆಗೆ ಕೆಟ್ಟಿದ್ದರೂ ಪೆಟ್ಟಿಗೆ ತಾನೇ ಸರಿಪಡಿಸಿಕೊಳ್ಳುತ್ತದೆ. ಕನ್ನಡ-ಮಲಯಾಳಗಳೆರಡೂ ನಿತ್ಯ ಕಿವಿಗೆ ಬೀಳುವ ಮಂಗಲ್ಪಾಡಿಯವರಿಗೆ ಇದನ್ನು ವಿವರಿಸುವುದು ಸುಲಭ. ಕನ್ನಡದಲ್ಲಿ ‘ಅವಳು ಬಂದಳು’ ಎಂದಾಗ ಬಂದವಳು ಹೆಣ್ಣೆಂಬುದನ್ನು ಎರಡು ಸಲ ಹೇಳಿದಂತಾಯಿತು. ಗಾಳಿಯಲ್ಲಿ ‘ಅವಳು’ ಹಾರಿಹೋಗಿ ‘ಬಂದಳು’ ಮಾತ್ರ ಕೇಳಿಸಿದರೂ ನಷ್ಟವಿಲ್ಲ. ಮಲಯಾಳವು ಕ್ರಿಯಾಪದದ ಈ ಬಾಲವನ್ನು ಶತಮಾನಗಳ ಹಿಂದೆಯೇ ಬಿಟ್ಟುಕೊಟ್ಟಿತು. ಅವನ್ ವನ್ನು, ಅವಳ್ ವನ್ನು, ಅವರ್ ವನ್ನು ಎಲ್ಲಕ್ಕೂ ‘ವನ್ನು’ ಒಂದೇ. ಭಾಷೆ ಹಗುರಾಯಿತು, ಆದರೆ ಮೊದಲ ಪದ ಕೇಳಿಸದೆ ಹೋದರೆ ಬಂದದ್ದು ಯಾರೆಂದು ಮತ್ತೆ ಕೇಳಬೇಕು. ಎರಡರಲ್ಲಿ ಯಾವುದು ಮೇಲೆಂಬ ಜಗಳಕ್ಕೆ ಇಲ್ಲಿ ಆಸ್ಪದವಿಲ್ಲ, ಅಡಕಕ್ಕೂ ಕಾವಲಿಗೂ ಒಂದೊಂದು ಬೆಲೆಯುಂಟು. ಹತ್ತಿರದ ಮರಾಠಿಯೂ ಆಲಾ, ಆಲೀ ಎಂದು ಕಾವಲನ್ನು ಉಳಿಸಿಕೊಂಡೇ ಬಂದಿದೆ.

ಕಾವಲಿಗೂ ಒಂದು ಮಿತಿಯಿದೆ ಎಂಬುದನ್ನು ಕಾಸರಗೋಡಿನ ಮಳೆಗಾಲ ತೋರಿಸುತ್ತದೆ. ವರ್ಷಕ್ಕೆ 3,000 ಮಿಲ್ಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕರಾವಳಿ ಇದು. ಡಿಶ್ಶಿಗೆ ಬರುವ ಕೆಯು-ಬ್ಯಾಂಡ್ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು. ಆಷಾಢದ ದಪ್ಪ ಹನಿಗಳು ಅವುಗಳನ್ನು ಹೀರುತ್ತವೆ, ಚದುರಿಸುತ್ತವೆ. ಹಳೆಯ ಆಂಟೆನಾ ಕಾಲದಲ್ಲಿ ಸಂಕೇತ ದುರ್ಬಲವಾದಾಗ ಪರದೆಯ ಮೇಲೆ ಚುಕ್ಕೆಗಳು ಬರುತ್ತಿದ್ದವು, ಮುಖದ ಪಕ್ಕದಲ್ಲಿ ಮುಖದ ನೆರಳು ಮೂಡುತ್ತಿತ್ತು. ಆದರೂ ಜನ ನೋಡುತ್ತಿದ್ದರು, ಕಣ್ಣು ತಾನೇ ಊಹಿಸಿಕೊಳ್ಳುತ್ತಿತ್ತು. ಡಿಜಿಟಲ್ ಚಿತ್ರಕ್ಕೆ ಮಸುಕಾಗುವುದು ಗೊತ್ತಿಲ್ಲ. ಕಾವಲು ತಡೆಯುವಷ್ಟು ಹೊತ್ತು ಚಿತ್ರ ಲಕಲಕ ಹೊಳೆಯುತ್ತದೆ; ಮಿತಿ ದಾಟಿದೊಡನೆ ಚೌಕಗಳು ಚದುರಿ, ಪರದೆ ನೀಲಿಯಾಗಿ, ಸಂಕೇತವಿಲ್ಲ ಎಂಬ ಬರಹ ಮೂಡುತ್ತದೆ. ಪ್ರವಾಹದ ಸುದ್ದಿಗಾಗಿ ಜನ ದೂರದರ್ಶನದ ಮುಂದೆ ಕೂರುವ ಹೊತ್ತಿಗೇ ಅದು ಕೈಕೊಡುವುದರಿಂದ, ಬ್ಯಾಟರಿ ಹಾಕಿದ ರೇಡಿಯೋವನ್ನು ಅಟ್ಟಕ್ಕೆಸೆಯದ ಮನೆಗಳು ಜಾಣ ಮನೆಗಳೆನ್ನಬೇಕು.

ಮಳೆಯಿಲ್ಲದ ದಿನಗಳಲ್ಲಿ ಕಿರಣ ಎಲ್ಲರ ಮಾಡಿನ ಮೇಲೂ ಒಂದೇ ಸಮನೆ ಬೀಳುತ್ತದೆ. ಜಿಸ್ಯಾಟ್-15ರ ಪ್ರಸಾರ ದೇಶವನ್ನಿಡೀ ತಬ್ಬಿಕೊಂಡಿರುವುದರಿಂದ ಅದಕ್ಕೆ ತಲಪಾಡಿಯ ಗಡಿ ಕಾಣದು. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದ್ದೂ ತಿಳಿಯದು. ಕನ್ನಡದ, ಮಲಯಾಳದ, ತಮಿಳಿನ, ಹಿಂದಿಯ ಪೊಟ್ಟಣಗಳೆಲ್ಲ ಒಂದೇ ಧಾರೆಯಲ್ಲಿ ಒಂದರ ಹಿಂದೊಂದು ಸುರಿಯುತ್ತಿರುತ್ತವೆ. ಪ್ರತಿ ಪೊಟ್ಟಣದ ಹಣೆಯ ಮೇಲೂ ಒಂದು ಸಂಖ್ಯೆಯಿರುತ್ತದೆ. ಪೆಟ್ಟಿಗೆ ತನಗೆ ಬೇಕಾದ ಸಂಖ್ಯೆಯದನ್ನು ಹೆಕ್ಕಿಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ. ಗಡಿ ಹುಟ್ಟುವುದು ಇಲ್ಲಿ, ಪಟ್ಟಿಯಲ್ಲಿ. ಹಣ ಕೊಡಬೇಕಾದ ಸೇವೆಗಳಲ್ಲಿ ಪೊಟ್ಟಣಗಳಿಗೆ ಬೀಗ ಹಾಕಿರುತ್ತಾರೆ. ಬೀಗದ ಕೈ ಪೆಟ್ಟಿಗೆಯೊಳಗಿನ ಕಾರ್ಡಿನಲ್ಲಿ. ಕೇಬಲ್ ಜಾಲಗಳನ್ನು ಡಿಜಿಟಲ್ ಮಾಡುವ ನಾಲ್ಕು ಹಂತಗಳಲ್ಲಿ ಮಹಾನಗರಗಳ ಸರದಿ 2012ರಲ್ಲಿ ಬಂದಿತ್ತು. ಗ್ರಾಮ ಪಂಚಾಯತಿಗಳ ಸರದಿ ಕೊನೆಯದು, ಗಡುವು 2017ರ ಮಾರ್ಚ್ 31. 2019ರ ಆರಂಭದಲ್ಲಿ ಟ್ರಾಯ್ ಸಂಸ್ಥೆಯ ಹೊಸ ದರವ್ಯವಸ್ಥೆ ಜಾರಿಗೆ ಬಂದು, ನೂರು ಸಾಮಾನ್ಯ ವಾಹಿನಿಗಳಿಗೆ ತಿಂಗಳಿಗೆ 130 ರೂಪಾಯಿಯ ಮೂಲಶುಲ್ಕ, ಹಣದ ವಾಹಿನಿಗಳಿಗೆ ಒಂದೊಂದಕ್ಕೂ ಬೇರೆ ಬೆಲೆ ಎಂದಾಯಿತು. ಸ್ಪಷ್ಟಚಿತ್ರದ ಎಚ್‌ಡಿ ವಾಹಿನಿಯೊಂದನ್ನು ಎರಡು ಎಂದು ಎಣಿಸಬೇಕಿತ್ತು. ಬಿಟ್‌ಗಳ ಲೆಕ್ಕ ಹೀಗೆ ಮನೆಖರ್ಚಿನ ಲೆಕ್ಕವಾಗಿ ಜಗಲಿಗೆ ಬಂದು ಕುಳಿತಿತು.

ಒಂದೇ ಭಾಷೆಯ ಊರಿಗೆ ಅದು ಹೆಚ್ಚಿನ ತೊಡಕಲ್ಲ. ಮಂಗಲ್ಪಾಡಿ ಒಂದೇ ಭಾಷೆಯ ಊರಲ್ಲ. ಸಪ್ತಭಾಷೆಗಳ ಸಂಗಮವೆಂದು ಕಾಸರಗೋಡನ್ನು ಹೊಗಳುವ ಮಾತು ಇಲ್ಲಿ ಬರಿಯ ಭಾಷಣದ ಅಲಂಕಾರವಾಗಿ ಉಳಿದಿಲ್ಲ. ಉಪ್ಪಳದ ಪೇಟೆಯಲ್ಲಿ ಅರ್ಧ ಗಂಟೆ ನಿಂತರೆ ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಉರ್ದುಗಳನ್ನು ಕೇಳಬಹುದು, ಮರಾಠಿಯ ಮನೆಗಳೂ ದೂರವಿಲ್ಲ. ಕನ್ನಡದ ವಾರ್ತೆ ನೋಡುವ ಹಿರಿಯರು, ಮಲಯಾಳದ ಧಾರಾವಾಹಿಗೆ ಕಾಯುವ ಸೊಸೆ, ತುಳು ನಾಟಕಕ್ಕೆ ನಗುವ ಎಲ್ಲರೂ ಒಂದೇ ಮಾಡಿನ ಕೆಳಗಿರುವ ಊರು ಇದು. ರಾಜ್ಯಕ್ಕೊಂದು ಭಾಷೆ ಎಂಬ ಎಣಿಕೆಯ ಮೇಲೆ ಕಟ್ಟಿದ ವಾಹಿನಿಗಳ ಗುಚ್ಛ ಇಂಥ ಮನೆಗೆ ಒಂದೋ ಚಿಕ್ಕದು, ಇಲ್ಲವೇ ಎರಡು ಗುಚ್ಛಕ್ಕೆ ಹಣ ತೆರಬೇಕು. ಹೀಗಿರುವಾಗ ತಿಂಗಳ ಬಾಡಿಗೆಯಿಲ್ಲದ ಫ್ರೀ ಡಿಶ್‌ನಲ್ಲಿ ದೂರದರ್ಶನದ ಕನ್ನಡ ವಾಹಿನಿ ಚಂದನ ಸಿಗುವುದು ಗಡಿನಾಡಿನ ಮನೆಗೆ ಸಣ್ಣ ಸಂಗತಿಯಲ್ಲ. 2004ರ ಡಿಸೆಂಬರಿನಲ್ಲಿ, ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಈ ಸೇವೆ ಆರಂಭವಾದಾಗ ಅದರಲ್ಲಿದ್ದದ್ದು 33 ವಾಹಿನಿ.

ಒಂದು ಚಿತ್ರಕ್ಕೆ ಒಂದೇ ಭಾಷೆ ಇರಬೇಕೆಂಬ ನಿಯಮ ತಂತ್ರಜ್ಞಾನದಲ್ಲಿಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಸೈಟ್ ಪ್ರಯೋಗದಲ್ಲಿ, ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳೂ ಸೇರಿದಂತೆ ದೇಶದ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಇಳಿಸಿದ ಎಟಿಎಸ್-6 ಉಪಗ್ರಹದಲ್ಲಿಯೇ ಒಂದು ಚಿತ್ರಕ್ಕೆ ಎರಡು ಧ್ವನಿಯ ಅನುಕೂಲವಿತ್ತು. ಡಿಜಿಟಲ್ ಧಾರೆಯಲ್ಲಂತೂ ಒಂದೇ ಚಿತ್ರದ ಪೊಟ್ಟಣಗಳ ಪಕ್ಕದಲ್ಲಿ ನಾಲ್ಕಾರು ಭಾಷೆಯ ಧ್ವನಿಪೊಟ್ಟಣಗಳನ್ನು ಇಡಬಹುದು. ಚಿತ್ರಕ್ಕೆ ಹೋಲಿಸಿದರೆ ಧ್ವನಿಗೆ ಬೇಕಾಗುವ ಬಿಟ್‌ಗಳು ತೀರಾ ಕಡಿಮೆ. ಯಾವ ಧ್ವನಿ ಯಾವ ಭಾಷೆಯದೆಂದು ಪೆಟ್ಟಿಗೆಗೆ ತಿಳಿಸಲು 24 ಬಿಟ್‌ಗಳ ಒಂದು ಪುಟ್ಟ ಜಾಗ ಮೀಸಲಿದೆ. ಅಲ್ಲಿ ಮೂರು ರೋಮನ್ ಅಕ್ಷರಗಳನ್ನು ತುಂಬುತ್ತಾರೆ. ಆ ಮೂರಕ್ಷರಗಳು ಬರುವುದು ಐಎಸ್ಒ 639-2 ಎಂಬ ಅಂತರರಾಷ್ಟ್ರೀಯ ಪಟ್ಟಿಯಿಂದ. ಕನ್ನಡಕ್ಕೆ ಕೆ-ಎ-ಎನ್, ಮಲಯಾಳಕ್ಕೆ ಎಂ-ಎ-ಎಲ್, ಮರಾಠಿಗೆ ಎಂ-ಎ-ಆರ್, ಕೊಂಕಣಿಗೆ ಕೆ-ಒ-ಕೆ, ಉರ್ದುವಿಗೆ ಯು-ಆರ್-ಡಿ. ತುಳುವಿಗೆ ಆ ಪಟ್ಟಿಯಲ್ಲಿ ತನ್ನದೇ ಆದ ಮೂರಕ್ಷರವಿಲ್ಲ. ಬೇರೆ ಉದ್ದೇಶಕ್ಕೆ ಮಾಡಿದ, ಹೆಚ್ಚು ವಿಸ್ತಾರವಾದ 639-3 ಎಂಬ ಪಟ್ಟಿಯಲ್ಲಿ ಟಿ-ಸಿ-ವೈ ಎಂಬ ಗುರುತು ಇದೆ. ಪ್ರಸಾರದ ಮಾನಕ ನೋಡುವುದು ಮೊದಲ ಪಟ್ಟಿಯನ್ನು. ಅದರಲ್ಲಿ ತುಳು ಸೇರಬಹುದಾದ ಜಾಗ ಡಿ-ಆರ್-ಎ, ಬಿಡಿ ಹೆಸರಿಲ್ಲದ ದ್ರಾವಿಡ ಭಾಷೆಗಳಿಗೆಲ್ಲ ಒಟ್ಟಾಗಿ ಕೊಟ್ಟಿರುವ ಒಂದು ಗುರುತು.

24 ಬಿಟ್ ಎಂದರೆ ಏನೂ ಅಲ್ಲ. ಧಿಗಿಣ ಹಾರುವ ವೇಷದ ಒಂದೇ ಒಂದು ಚೌಕಕ್ಕೆ ಅದಕ್ಕಿಂತ ಹೆಚ್ಚು ಬೇಕಾದೀತು. ತುಳು ಅಲ್ಲಿ ಸೇರದಿರುವುದಕ್ಕೆ ಜಾಗದ ಇಕ್ಕಟ್ಟು ಕಾರಣವಲ್ಲ.